ಚಿಕ್ಕಮ್ಮನ ಬಳಿ ಉಳಿದಿದ್ದ ಒಂದೇ ಪದ

ನಮ್ಮ ಬೀದಿಯ ರಿಪೇರಿ ಅಂಗಡಿಗೆ ಬೋರ್ಡು ಇರಲಿಲ್ಲ. ಬೇಕಾಗಿಯೂ ಇರಲಿಲ್ಲ. ರೆಕ್ಕೆ ಕಳಚಿದ ಫ್ಯಾನು, ಹೊಟ್ಟೆ ಬಿಚ್ಚಿದ ರೇಡಿಯೋ, ವಯರು ಸುತ್ತಿಟ್ಟ ಇಸ್ತ್ರಿ ಪೆಟ್ಟಿಗೆಗಳು ಆಸ್ಪತ್ರೆಯ ಹೊರಗೆ ಕಾದು ಕೂತ ರೋಗಿಗಳ ಹಾಗೆ ಬಾಗಿಲಲ್ಲೇ ಸಾಲಾಗಿ ಕೂತಿರುತ್ತಿದ್ದವು. ಅವುಗಳ ಹಿಂದೆ, ಬೆಸುಗೆಯ ಸಣ್ಣ ಹೊಗೆಯ ನಡುವೆ, ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಚಿಕ್ಕಮ್ಮ ಕೂತಿರುತ್ತಿದ್ದಳು. ಬೀದಿಗೆಲ್ಲ ಅವಳು ಚಿಕ್ಕಮ್ಮ. ಮೊದಮೊದಲು ನಾನು ಮರ್ಯಾದೆ ಕೊಟ್ಟು ಮಾತಾಡಿದರೆ, "ನೀವು ಗೀವು ಅಂತ ಬಹುವಚನ ಹಚ್ಚಬೇಡ, ನಂಗೆ ಆಗಲೇ ಬೊಜ್ಜು ಜಾಸ್ತಿ" ಎಂದಿದ್ದಳು. ಅಂದಿನಿಂದ ಏಕವಚನವೇ.

ನನ್ನದು ಪಕ್ಕದ ಜೆರಾಕ್ಸ್ ಅಂಗಡಿ. ನಡುವೆ ಇರುವುದು ಹಲಗೆಯ ಗೋಡೆ. ಹೀಗಾಗಿ ಅವಳು ಗಿರಾಕಿಗಳಿಗೆ ಬೈಯುವುದೆಲ್ಲ ನನ್ನ ಕಿವಿಗೂ ಬೀಳುತ್ತಿತ್ತು. ಅವಳ ಕೈ ಎಷ್ಟು ಮೃದುವೋ ನಾಲಿಗೆ ಅಷ್ಟೇ ಹರಿತ. ಯಂತ್ರ ಕೆಟ್ಟರೆ ಅದು ಯಂತ್ರದ ತಪ್ಪಲ್ಲ, ತಂದವರ ತಪ್ಪು ಎಂಬುದು ಅವಳ ಖಚಿತ ನಂಬಿಕೆ. "ಇದಕ್ಕೆ ನೀರು ಕುಡಿಸಿದ್ದು ಯಾರು?" ಎಂದು ಆರಂಭಿಸಿದರೆ ದೊಡ್ಡ ದೊಡ್ಡ ಗಂಡಸರೂ ಬಾಲ ಮುದುರಿಕೊಂಡು ನಿಲ್ಲುತ್ತಿದ್ದರು. ಬೇಕರಿಯವನಂತೂ ತನ್ನ ಹಿಟ್ಟು ಕಲೆಸುವ ಯಂತ್ರ ಕೆಟ್ಟಾಗಲೆಲ್ಲ ಹೆಂಡತಿಯ ಕೈಯಲ್ಲಿ ಕಳಿಸುತ್ತಿದ್ದ.

ಹುಡುಗಿಯಾಗಿದ್ದಾಗ ಅವಳು ರೇಡಿಯೋ ಜೋಡಿಸುವ ಕಾರ್ಖಾನೆಯಲ್ಲಿದ್ದಳು. ಕಾರ್ಖಾನೆ ಮುಚ್ಚಿತು. ಜೊತೆಯವರು ಬೇರೆ ಬೇರೆ ಕೆಲಸ ಹುಡುಕಿಕೊಂಡು ಹೋದರು, ಇವಳು ಒಂದು ಮೇಜು ಹಾಕಿಕೊಂಡು ಕೂತಳು. ಮೇಷ್ಟ್ರು ಅವಳಿಗೆ ಗಂಟುಬಿದ್ದದ್ದು ಆ ಮೇಜಿನ ಮುಂದೆಯೇ. ಇಂಗ್ಲಿಷ್ ಪಾಠ ಹೇಳುವ ಮೇಷ್ಟ್ರು ಶಾಲೆಯ ಟೇಪ್ ರೆಕಾರ್ಡರನ್ನು ತರಕಾರಿ ಹೆಚ್ಚುವ ಚಾಕುವಿನಿಂದ ಬಿಚ್ಚಿ ಹಾಳುಮಾಡಿ ತಂದಿದ್ದರು. "ಚಾಕು ಹಾಕಿದ ಕೈ ಯಾವುದು, ತೋರಿಸಿ" ಎಂದಳಂತೆ. ಅವರು ನಿಜವಾಗಿಯೂ ಬಲಗೈ ಮುಂದೆ ಚಾಚಿದರಂತೆ. ಅಷ್ಟು ಮುಗ್ಧ ಮನುಷ್ಯನನ್ನು ಲೋಕದ ಮೇಲೆ ಹಾಗೇ ಬಿಡುವುದು ಸರಿಯಲ್ಲ ಅನ್ನಿಸಿ ಮದುವೆಯಾದೆ ಎಂದು ಚಿಕ್ಕಮ್ಮ ಹೇಳುತ್ತಿದ್ದಳು. ಒಬ್ಬಳೇ ಮಗಳು ಹುಟ್ಟಿದಳು. ಈಗ ಅಂಚೆ ಕಚೇರಿಯಲ್ಲಿ ಕೆಲಸ ಮಾಡುತ್ತಾಳೆ, ಅಪ್ಪ ಅಮ್ಮನ ಜೊತೆಯಲ್ಲೇ ಇದ್ದಾಳೆ.

ಆ ನಾಲಿಗೆ ಒಮ್ಮೆ ಮಾತ್ರ ಕೊಯ್ಯಬಾರದ ಕಡೆ ಕೊಯ್ದಿತ್ತು. ಚಿಕ್ಕಮ್ಮನಿಗೆ ಒಬ್ಬಳು ಅಕ್ಕ. ಮಗಳು ಕರೆದ ಹಾಗೆ ನಾವೂ ಅವಳನ್ನು ದೊಡ್ಡಮ್ಮ ಎನ್ನೋಣ. ದೊಡ್ಡಮ್ಮ ಬಸ್ಸಿನಲ್ಲಿ ಅರ್ಧ ದಿನದ ದಾರಿಯಷ್ಟು ದೂರದಲ್ಲಿ, ತಾಯಿಯ ಮನೆಯಲ್ಲೇ ಉಳಿದು, ಹಾಸಿಗೆ ಹಿಡಿದ ತಾಯಿಯನ್ನು ಕೊನೆಯವರೆಗೆ ನೋಡಿಕೊಂಡವಳು. ಚಿಕ್ಕಮ್ಮ ಬಿಡುವಾದಾಗ ಹೋಗಿ, ನಲ್ಲಿ ಸರಿಮಾಡಿ, ಸ್ವಿಚ್ಚು ಬದಲಾಯಿಸಿ, ಸಂಜೆಯ ಬಸ್ಸಿಗೆ ವಾಪಸಾಗುತ್ತಿದ್ದಳು. ತಾಯಿ ತೀರಿಕೊಂಡ ದಿನ, ನೆಂಟರೆಲ್ಲ ಕೂತಿದ್ದಾಗ, ದುಃಖವೋ ಸಿಟ್ಟೋ, "ನೀನು ಸರಿಯಾಗಿ ನೋಡ್ಕೊಂಡಿದ್ರೆ ಅಮ್ಮ ಇನ್ನೂ ಇರ್ತಿದ್ಳು" ಎಂದುಬಿಟ್ಟಳು. ದೊಡ್ಡಮ್ಮ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಷ್ಟೇ. ಅಲ್ಲಿಂದಾಚೆ ಇವಳು ಅಲ್ಲಿಗೆ ಹೋಗಲಿಲ್ಲ, ಅವಳು ಇಲ್ಲಿಗೆ ಬರಲಿಲ್ಲ. ಮಗಳು ಚಿಕ್ಕವಳಿದ್ದಾಗ ಒಮ್ಮೆ "ದೊಡ್ಡಮ್ಮ" ಎಂದದ್ದಕ್ಕೆ ಚಿಕ್ಕಮ್ಮ ಊಟದ ತಟ್ಟೆ ಬಿಟ್ಟು ಎದ್ದು ಹೋದಳಂತೆ. ಆಮೇಲೆ ಆ ಮನೆಯಲ್ಲಿ ಯಾರೂ ಆ ಹೆಸರು ಎತ್ತಲಿಲ್ಲ. ವರ್ಷಗಳು ಉರುಳಿದವು. ಎತ್ತಬಾರದು ಎಂಬುದೂ ಮರೆತುಹೋಗುವಷ್ಟು ವರ್ಷಗಳು.

ಅವಳಿಗೆ ಹುಷಾರು ತಪ್ಪಿದ್ದು ಬೆಳಗಿನ ಹೊತ್ತು, ಅಂಗಡಿಯಲ್ಲೇ. ಹಲಗೆಯ ಆಚೆ ಏನೋ ಬಿದ್ದ ಸದ್ದಾಯಿತು. ಅವಳು ಏನನ್ನೂ ಬೀಳಿಸುವವಳಲ್ಲ. ಆಮೇಲೆ ಮರ ಸುಡುವ ವಾಸನೆ ಬಂತು. ಓಡಿ ಹೋಗಿ ನೋಡಿದರೆ ಬೆಸುಗೆಯ ಕಡ್ಡಿ ಮೇಜಿನ ಮೇಲೆ ಬಿದ್ದು ಹಲಗೆಯನ್ನು ಕರಿಯಾಗಿ ಸುಡುತ್ತಿತ್ತು. ಚಿಕ್ಕಮ್ಮ ಕುರ್ಚಿಯಲ್ಲಿ ಬಲಕ್ಕೆ ವಾಲಿದ್ದಳು. ಅವಳ ಬಾಯಿ ಒಂದು ಕಡೆಗೆ ಜಾರಿತ್ತು. ನನ್ನನ್ನು ನೋಡಿ ಏನೋ ಹೇಳಲು ಹವಣಿಸಿದಳು. "ರಿಪೇರಿ," ಎಂದಳು. ಮತ್ತೆ, ತನಗೇ ಗಾಬರಿಯಾದವಳ ಹಾಗೆ, "ರಿಪೇರಿ... ರಿಪೇರಿ."

ಜೀವ ಉಳಿಯಿತು. ಬಲಗೈ ಬಲಗಾಲು ಸೋತವು. ಮಾತು ಹೋಯಿತು. ಹೇಳಿದ್ದೆಲ್ಲ ಅರ್ಥವಾಗುತ್ತದೆ, ಆದರೆ ಹೇಳಲು ಹೋದರೆ ಬಾಯಿಗೆ ಬರುವುದು ಆ ಒಂದೇ ಪದ. ಮೆದುಳಿಗೆ ಪೆಟ್ಟಾದವರಲ್ಲಿ ಕೆಲವರಿಗೆ ಹೀಗಾಗುವುದುಂಟು ಎಂದು ಡಾಕ್ಟರು ಹೇಳಿದರು. ಬೇಕರಿಯವನು ನನ್ನಲ್ಲಿ ಕಾಗದ ಜೆರಾಕ್ಸ್ ಮಾಡಿಸುತ್ತ, "ಅಷ್ಟು ಬೈತಿದ್ಲಲ್ಲ, ದೇವರೇ ಬಾಯಿಗೆ ಬೀಗ ಹಾಕ್ದ ನೋಡಿ" ಎಂದ. ಅವನ ಹಿಟ್ಟಿನ ಯಂತ್ರದ ನೆನಪು ಮಾಡಿಕೊಟ್ಟೆ. ಕಾಗದ ಎತ್ತಿಕೊಂಡು ಹೊರಟ.

ಮನೆಗೆ ಬಂದ ಮೇಲೆ ಮೇಷ್ಟ್ರು ಆ ಪದದ ಬಗೆಬಗೆಯ ಧಾಟಿಗಳನ್ನು ಕಲಿತರು. ಮೆಲ್ಲಗೆ ಎಳೆದು ಹೇಳಿದರೆ ನೀರು. ಮೊಟಕಾಗಿ ಹೇಳಿದರೆ ಕಿಟಕಿ ಹಾಕಿ. ಮೂಗಿನಲ್ಲಿ ಹೇಳಿದರೆ ಚಹಾದಲ್ಲಿ ಸಕ್ಕರೆ ಇಲ್ಲ. ಎಲ್ಲ ಒಂದು ಹದಕ್ಕೆ ಬಂತು ಎನ್ನುವಾಗ ಹೊಸದೊಂದು ಶುರುವಾಯಿತು. ಸಂಜೆಯಾದರೆ ಚಿಕ್ಕಮ್ಮ ಎಡಗೈ ಎತ್ತಿ ಕಿಟಕಿಯಾಚೆಗೆ ತೋರಿಸಿ, "ರಿಪೇರಿ! ರಿಪೇರಿ!" ಎಂದು ಒಂದೇ ಸಮನೆ ಹೇಳಿ ಅಳುವಳು.

ಅಂಗಡಿಗೆ ಹೋಗಬೇಕೇನೋ ಎಂದು ಮಗಳು ಆಟೋದಲ್ಲಿ ಕೂರಿಸಿಕೊಂಡು ಬಂದಳು. ನಾನು ಶಟರು ಎತ್ತಿ ಮೇಜು ಒರೆಸಿಟ್ಟೆ. ಚಿಕ್ಕಮ್ಮ ಒಳಗೆಲ್ಲ ಒಮ್ಮೆ ನೋಡಿದಳು. ಸುಟ್ಟ ಕಲೆಯನ್ನು ಬೆರಳಿನಿಂದ ಸವರಿದಳು. ತಲೆ ಅಡ್ಡಡ್ಡ ಆಡಿಸಿ ಬೀದಿಯ ಕಡೆ ಕೈ ತೋರಿಸಿದಳು. ಮಾರನೆಯ ದಿನ ಮೇಷ್ಟ್ರು ಮನೆಗೇ ಒಂದು ಕೆಟ್ಟ ಗಡಿಯಾರ ತಂದು ಮಡಿಲಲ್ಲಿಟ್ಟರು. ಅದನ್ನು ಅವಳು ಎಡಗೈಯಿಂದ ಎತ್ತಿ ಎಸೆದಳು. ಮೇಷ್ಟ್ರು ಇಂಗು ತಿಂದ ಮಂಗನಂತೆ ಮುಖ ಮಾಡಿಕೊಂಡು ಗಾಜಿನ ಚೂರು ಹೆಕ್ಕಿದರು.

ವಾರಕ್ಕೊಮ್ಮೆ ಮಾತಿನ ಅಭ್ಯಾಸ ಮಾಡಿಸಲು ಆಸ್ಪತ್ರೆಯಿಂದ ಒಬ್ಬ ಹುಡುಗಿ ಬರುತ್ತಿದ್ದಳು. ಚಿತ್ರ ತೋರಿಸಿ ಹೆಸರು ಹೇಳಿಸುವುದು ಅವಳ ಕೆಲಸ. ಬೆಕ್ಕು, ಬಾಗಿಲು, ಬಟ್ಟಲು, ಎಲ್ಲದಕ್ಕೂ ಚಿಕ್ಕಮ್ಮನದು ಒಂದೇ ಉತ್ತರ. ಹುಡುಗಿ ಬೇಸರಿಸಲಿಲ್ಲ. ಹೊರಡುವಾಗ ಮೇಷ್ಟ್ರಿಗೆ, "ಸರ್, ಒಂದು ಪದ ಉಳಿದಿದೆಯಲ್ಲ, ಅದನ್ನ ಬಿಡಿಸೋಕೆ ಹೋಗ್ಬೇಡಿ. ಅದನ್ನೇ ಹಿಡ್ಕೊಂಡು ಮಾತಾಡ್ತಾ ಇರಿ. ಸುಮ್ನೆ ಮಾತ್ರ ಕೂರಬೇಡಿ" ಎಂದಳು.

ಮೇಷ್ಟ್ರಿಗೆ ಹೆಂಡತಿಯ ಹತ್ತಿರ ಮಾತಾಡಿ ಅಭ್ಯಾಸವಿರಲಿಲ್ಲ. ಅವರದು ಕೇಳುವ ಪಾತ್ರ. ಆದರೆ ಪದ ಕೊಟ್ಟರೆ ಅವರು ಬಿಡುವವರಲ್ಲ. ಕಪಾಟಿನ ಮೇಲಿಂದ ದಪ್ಪ ನಿಘಂಟು ಇಳಿಸಿ, ಧೂಳು ಕೊಡವಿ, ಮಂಚದ ಪಕ್ಕ ಕುರ್ಚಿ ಎಳೆದುಕೊಂಡು, ನಿವೃತ್ತರಾಗಿ ಎಷ್ಟೋ ವರ್ಷಗಳಾದ ಮೇಲೆ ಪಾಠ ಶುರುಮಾಡಿದರು.

"ನೋಡು, ನೀನು ದಿನಾ ಹೇಳೋ ಈ ರಿಪೇರಿ ಇದೆಯಲ್ಲ, ಇದು ಇಂಗ್ಲಿಷಿನ ರಿಪೇರ್. ಇಂಗ್ಲಿಷಿನವರಿಗೂ ಅದು ಸ್ವಂತದ್ದಲ್ಲ, ಫ್ರೆಂಚರ ಹತ್ರ ಇಸ್ಕೊಂಡಿದ್ದು. ಫ್ರೆಂಚರಿಗೆ ಬಂದಿದ್ದು ಲ್ಯಾಟಿನ್ನಿಂದ. ಅಲ್ಲಿ 'ಪರಾರೆ' ಅಂದ್ರೆ ಸಿದ್ಧ ಮಾಡೋದು. 'ರೆ' ಅಂದ್ರೆ ಮತ್ತೆ. ಮತ್ತೆ ಸಿದ್ಧ ಮಾಡೋದು. ಪರೀಕ್ಷೆಗೆ ಪ್ರಿಪೇರ್ ಆಗಿ ಅಂತ ಹುಡುಗರಿಗೆ ಹೇಳ್ತಿದ್ನಲ್ಲ, ಅದೂ ಇದರ ಅಣ್ಣತಮ್ಮನೇ."

ಚಿಕ್ಕಮ್ಮ ಸೂರು ನೋಡುತ್ತ ಕೇಳಿಸಿಕೊಂಡಳು. ಕಚೇರಿಗೆ ಹೊರಟಿದ್ದ ಮಗಳು ಬಾಗಿಲಲ್ಲೇ ನಿಂತು, "ಅಪ್ಪಾ, 'ರೀ'ಗೆ 'ಪೇರ್' ಸೇರಿಸಿದ್ದಲ್ವಾ? ಪೇರ್ ಅಂದ್ರೆ ಜೋಡಿ. ಬಿಟ್ಟುಹೋಗಿದ್ದನ್ನ ಮತ್ತೆ ಜೋಡಿ ಮಾಡೋದು!" ಎಂದಳು.

"ಕೇಳೋಕೆ ಚೆನ್ನಾಗಿದೆ, ಆದ್ರೆ ತಪ್ಪು. ಆ ಪೇರ್ ಬೇರೆ, ಸಮ ಅನ್ನೋ ಅರ್ಥದ ಪದದಿಂದ ಬಂದಿದ್ದು. ಮುಖ ಒಂದೇ ಥರ ಇದ್ದ ಮಾತ್ರಕ್ಕೆ ಒಂದೇ ಮನೆಯವರು ಅಂತ ಅಲ್ಲ."

"ನಿಮ್ಮ ನಿಘಂಟಿಗಿಂತ ನನ್ನದೇ ಚೆನ್ನಾಗಿದೆ" ಎಂದು ಮಗಳು ಹೊರಟುಹೋದಳು. ಚಿಕ್ಕಮ್ಮನ ಮುಖದ ಎಡಭಾಗ ನಕ್ಕಿತು. ಆಸ್ಪತ್ರೆಯಿಂದ ಬಂದ ಮೇಲೆ ಅದೇ ಮೊದಲ ನಗು.

ಅದರಿಂದ ಮೇಷ್ಟ್ರಿಗೆ ಹುಮ್ಮಸ್ಸು ಬಂತು. ಮಾರನೆಯ ಸಂಜೆ, ಚಿಕ್ಕಮ್ಮ ಎಂದಿನಂತೆ ಕಿಟಕಿಯ ಕಡೆ ಕೈ ಎತ್ತುವ ಹೊತ್ತಿಗೆ, ಅವರು ಪುಟ ಬಿಡಿಸಿ ಕೂತಿದ್ದರು.

"ಇಲ್ಲಿ ಕೇಳು, ಇನ್ನೊಂದು ರಿಪೇರ್ ಇದೆ! ನಿನ್ನೆಯದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಹಳೇ ಪುಸ್ತಕಗಳಲ್ಲಿ ಬರುತ್ತೆ, ಎಲ್ಲರೂ ಊಟದ ಮನೆಗೆ ರಿಪೇರ್ ಆದರು ಅಂತ. ಊಟದ ಮನೆ ಕೆಟ್ಟಿತ್ತಾ ಸಾರ್ ಅಂತ ಹುಡುಗರು ನಗೋರು. ಕೆಟ್ಟಿದ್ದಲ್ಲ, ಅಲ್ಲಿಗೆ ಹೋದರು ಅಂತ ಅರ್ಥ. ಇದೂ ಲ್ಯಾಟಿನ್ನಿಂದಲೇ ಬಂದಿದ್ದು. 'ಪಾತ್ರಿಯಾ' ಅಂದ್ರೆ ಹುಟ್ಟಿದ ನಾಡು. ಅಲ್ಲಿಗೆ ವಾಪಸ್ ಹೋಗೋದಕ್ಕೆ ಒಂದು ಉದ್ದ ಪದ ಇತ್ತು. ಫ್ರೆಂಚರ ಬಾಯಲ್ಲಿ ಸವೆದೂ ಸವೆದೂ ಕೊನೆಗೆ ನಿನ್ನ ರಿಪೇರ್ ಥರಾನೇ ಆಗಿಹೋಯ್ತು. ಹುಟ್ಟಿದ ಕಡೆಗೆ ಮರಳೋದು. ನಮ್ಮಲ್ಲಿ ತವರಿಗೆ ಹೋಗೋದು ಅಂತಾರಲ್ಲ, ಹಂಗೆ..."

ಮುಂದಿನ ಮಾತು ಅವರ ಬಾಯಲ್ಲೇ ಉಳಿಯಿತು. ಚಿಕ್ಕಮ್ಮ ಅವರ ಮುಂಗೈ ಹಿಡಿದಿದ್ದಳು. ಉಗುರು ನಾಟುವಷ್ಟು ಗಟ್ಟಿಯಾಗಿ.

"ಏನು? ಏನಾಯ್ತು?" ಮೇಷ್ಟ್ರು ಗಾಬರಿಯಾಗಿ ಅವಳ ಮುಖ ನೋಡಿದರು. ಕಣ್ಣಿಂದ ನೀರು ಇಳಿಯುತ್ತಿತ್ತು. ಅವರು ಮೆಲ್ಲಗೆ ಕೇಳಿದರು: "ತವರಿಗಾ?" ಅವಳು ತಲೆ ಆಡಿಸಿದಳು. "ಅಕ್ಕನ ಹತ್ರಾನಾ?"

"ರಿಪೇರಿ," ಎಂದಳು ಚಿಕ್ಕಮ್ಮ. ಈ ಸಲ ಅದರಲ್ಲಿ ಅಳುವಿರಲಿಲ್ಲ.

ಇದನ್ನೆಲ್ಲ ಮೇಷ್ಟ್ರು ಆಮೇಲೆ ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು ಹೇಳಿದರು. ನಾನು ಬೆರಗಾಗಿ, "ಹಂಗಾದ್ರೆ ಆ ಪದಾನೇ ದಾರಿ ತೋರಿಸ್ತು ಅನ್ನಿ" ಎಂದೆ. ಮೇಷ್ಟ್ರು ತಲೆ ಕೆರೆದುಕೊಂಡರು. "ಇಲ್ಲ ಕಣಮ್ಮ. ಅವಳಿಗೆ ಲ್ಯಾಟಿನ್ನೂ ಗೊತ್ತಿಲ್ಲ, ಫ್ರೆಂಚೂ ಗೊತ್ತಿಲ್ಲ. ಬಾಯಿಗೆ ಬೇರೇನೂ ಬರ್ತಿರಲಿಲ್ಲ, ಇದು ಬಂತು. ನಾನೇನೋ ಹೇಳೋಕೆ ಹೋಗಿ ತವರು ಅಂದೆ. ಮೊದಲೇ ನೇರವಾಗಿ ಕೇಳಿದ್ರೆ ಮೊದಲೇ ಗೊತ್ತಾಗ್ತಿತ್ತು. ಆ ಹೆಸರು ಎತ್ತೋಕೆ ನಮಗೇ ಧೈರ್ಯ ಇರಲಿಲ್ಲ."

ಮಗಳು ದೊಡ್ಡಮ್ಮನಿಗೆ ಫೋನು ಮಾಡಿದಳು. ಅವಳು ಎಲ್ಲವನ್ನೂ ಕೇಳಿಸಿಕೊಂಡಳು. ಕೊನೆಗೆ, "ಕರ್ಕೊಂಡು ಬಾ" ಎಂದಳಂತೆ. ಅಷ್ಟೇ. ಬೇಕು ಎಂದೋ ಬೇಡ ಎಂದೋ ಆ ದನಿಯಿಂದ ಗೊತ್ತಾಗಲಿಲ್ಲ.

ಬಾಡಿಗೆ ಕಾರಿನಲ್ಲಿ ಮೂವರೂ ಹೋದರು. ಅಲ್ಲಿ ನಡೆದದ್ದನ್ನು ಮಗಳು ಆಮೇಲೆ ನನಗೆ ಹೇಳಿದಳು. ದೊಡ್ಡಮ್ಮ ಬಾಗಿಲಲ್ಲೇ ನಿಂತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಬೆನ್ನು ಮಾತ್ರ ನೆಟ್ಟಗಿತ್ತು. ಮಗಳ ಹೆಗಲಿಗೆ ಒರಗಿಕೊಂಡು ಕಾಲೆಳೆಯುತ್ತ ಬರುವ ತಂಗಿಯನ್ನು ಅವಳು ಅಡಿಯಿಂದ ಮುಡಿಯವರೆಗೆ ನೋಡಿದಳು. ಚಿಕ್ಕಮ್ಮ ಹೊಸಿಲ ಬಳಿ ನಿಂತಳು. ಬಾಯಿ ತೆರೆದಳು, ಮುಚ್ಚಿದಳು, ತೆರೆದಳು. ದಾರಿಯುದ್ದಕ್ಕೂ ಏನೇನು ಜೋಡಿಸಿಕೊಂಡು ಬಂದಿದ್ದಳೋ.

"ರಿಪೇರಿ," ಎಂದಳು.

ದೊಡ್ಡಮ್ಮನ ಮುಖ ಬಿಗಿಯಿತು. "ರಿಪೇರಿನಾ? ಇಷ್ಟು ವರ್ಷ ಆದ್ಮೇಲೆ ರಿಪೇರಿ ಮಾಡೋಕೆ ಬಂದ್ಯಾ?"

ಮೇಷ್ಟ್ರು ನಡುವೆ ಬಾಯಿ ಹಾಕಿ, ಅವಳಿಗೆ ಅದೊಂದೇ ಪದ ಬರುವುದೆಂದು ವಿವರಿಸಲು ಹೊರಟರು. "ಗೊತ್ತು, ಮಗು ಹೇಳಿದ್ಲು. ನೀವು ಸುಮ್ನಿರಿ" ಎಂದು ಅವರ ಬಾಯಿ ಮುಚ್ಚಿಸಿ ಒಳಗೆ ಹೋದಳು. ಬರುವಾಗ ಕೈಯಲ್ಲಿ ಒಂದು ಹಳೆಯ ಟೇಬಲ್ ಫ್ಯಾನು. ತಾಯಿಯ ಮಂಚದ ಪಕ್ಕದಲ್ಲಿದ್ದ ಫ್ಯಾನು. ಅದನ್ನು ಊಟದ ಮೇಜಿನ ಮೇಲೆ ಕುಕ್ಕಿ, ಪಕ್ಕದಲ್ಲಿ ಸ್ಕ್ರೂಡ್ರೈವರ್ ಇಟ್ಟು, "ಮಾಡು ಹಾಗಾದ್ರೆ" ಎಂದಳು.

ಮಗಳಿಗೆ ಸಿಟ್ಟು ಬಂತು. ಕೈ ಬಾರದವಳಿಗೆ ಇದೆಂಥ ಶಿಕ್ಷೆ ಎಂದು ಏಳಲು ಹೋದಳು. ಮೇಷ್ಟ್ರು ಅವಳ ಸೆರಗು ಹಿಡಿದು ಕೂರಿಸಿದರು.

ಚಿಕ್ಕಮ್ಮ ಎಡಗೈಯಲ್ಲಿ ಫ್ಯಾನಿನ ಜಾಲರಿಯ ಕೊಂಡಿ ಬಿಚ್ಚಿದಳು. ಬೆರಳ ತುದಿಯಿಂದ ರೆಕ್ಕೆ ತಳ್ಳಿದರೆ ಅದು ತಿರುಗಲಿಲ್ಲ, ಒಳಗಿನ ಎಣ್ಣೆ ಒಣಗಿ ಅಂಟಿಕೊಂಡಿತ್ತು. ರೆಕ್ಕೆ ಕಳಚಬೇಕಾದರೆ ನಡುವಿನ ತಿರುಪು ಬಿಚ್ಚಬೇಕು, ಬಿಚ್ಚಬೇಕಾದರೆ ಇನ್ನೊಂದು ಕೈ ಬೇಕು. ಒಂದು ಕೈಯಲ್ಲಿ ಹಿಡಿದರೆ ತಿರುಗಿಸಲಾಗದು, ತಿರುಗಿಸಿದರೆ ಫ್ಯಾನೇ ಜಾರುತ್ತದೆ. ಅವಳ ಹಣೆ ಬೆವರಿತು. ದೊಡ್ಡಮ್ಮ ಕೈಕಟ್ಟಿ ನೋಡುತ್ತಿದ್ದವಳು ಎಷ್ಟೋ ಹೊತ್ತಿನ ಮೇಲೆ ಕುರ್ಚಿ ಎಳೆದುಕೊಂಡು ತಂಗಿಯ ಬಲಗಡೆ ಕೂತಳು.

"ಕೊಡು ಇಲ್ಲಿ. ನಾನು ತಿರುಗಿಸ್ತೀನಿ, ನೀನು ಹಿಡಿ."

ತಿರುಗಿಸಿದಳು. ಜಗ್ಗಲಿಲ್ಲ. ಮೈಭಾರ ಹಾಕಿ ಅದೇ ದಿಕ್ಕಿಗೆ ಮತ್ತೆ ತಿರುಗಿಸಿದಳು. ಅಂಥ ಫ್ಯಾನುಗಳ ರೆಕ್ಕೆಯ ತಿರುಪು ಎಲ್ಲದರ ಹಾಗಲ್ಲ, ಉಳಿದವನ್ನು ಬಿಗಿಯುವ ದಿಕ್ಕಿಗೆ ತಿರುಗಿಸಿದರೇ ಸಡಿಲವಾಗುವುದು. ಚಿಕ್ಕಮ್ಮ "ರಿಪೇರಿ, ರಿಪೇರಿ" ಎಂದು ಬೆರಳಿನಲ್ಲಿ ಗಾಳಿಯನ್ನು ಸುತ್ತಿ ತೋರಿಸಿದಳು. "ಗೊತ್ತಾಗ್ತಿದೆ ಕಣೇ, ರಿಪೇರೀನೇ ಮಾಡ್ತಿರೋದು" ಎಂದು ದೊಡ್ಡಮ್ಮ ಇನ್ನೂ ಬಲ ಹಾಕಿದಳು. ಪ್ಲಾಸ್ಟಿಕ್ ಕಿರುಗುಟ್ಟಿತು. ಚಿಕ್ಕಮ್ಮನ ಮುಖ ಕೆಂಪಾಯಿತು, ಕತ್ತಿನ ನರ ಉಬ್ಬಿತು, ಮತ್ತು ಎಲ್ಲಿಂದಲೋ ಆ ಹಳೆಯ ಅಂಗಡಿಯ ದನಿ ಹೊರಬಿತ್ತು:

"ಉಲ್ಟಾ!"

ಮಗಳು ಕೂತಲ್ಲಿಂದ ಎದ್ದೇಬಿಟ್ಟಳು. ಚಿಕ್ಕಮ್ಮನಿಗೆ ತಾನು ಏನು ಹೇಳಿದೆ ಎಂಬುದರ ಕಡೆ ಗಮನವೇ ಇರಲಿಲ್ಲ, ಅವಳ ಕಣ್ಣು ತಿರುಪಿನ ಮೇಲಿತ್ತು. ದೊಡ್ಡಮ್ಮ ಉಲ್ಟಾ ತಿರುಗಿಸಿದಳು. ತಿರುಪು ಸಲೀಸಾಗಿ ಬಿಚ್ಚಿಕೊಂಡಿತು. ರೆಕ್ಕೆ ಕೈಗೆ ಬಂದಾಗ ಫ್ಯಾನು ಒಂದು ಕಡೆ ವಾಲಿತು. "ನೆಟ್ಟ... ನೆಟ್ಟಗೆ!" ಎಂದು ಚಿಕ್ಕಮ್ಮ ಗದರಿದಳು.

"ಬಂತು ನೋಡಿ," ಎಂದಳು ದೊಡ್ಡಮ್ಮ. ನಗುತ್ತಿದ್ದಳೋ ಅಳುತ್ತಿದ್ದಳೋ ಹೇಳಲಾಗದು. "ಮಾತು ಬರೋಕೆ ಮುಂಚೆ ಬೈಗುಳ ಬಂತು."

ಮೇಷ್ಟ್ರು ಎದ್ದು ಹಿತ್ತಲಿಗೆ ಹೋದರು. ಮಗಳು ಹಿಂದೆಯೇ ಹೋಗಿ ನೋಡಿದರೆ, ಅವರು ನೀರಿನ ತೊಟ್ಟಿಯ ಬಳಿ ನಿಂತು ಮುಖ ತೊಳೆಯುತ್ತಲೇ ಇದ್ದರಂತೆ.

ಚಿಕ್ಕಮ್ಮ ಅಲ್ಲೇ ಉಳಿದಳು. ಹೋದಾಗ ಸೆಕೆಯಿತ್ತು, ಹಿಂತಿರುಗುವಾಗ ಶಾಲು ಹೊದ್ದಿದ್ದಳು. ಆ ಮನೆಯಲ್ಲಿ ಕೆಟ್ಟ ವಸ್ತುಗಳಿಗೇನೂ ಬರವಿರಲಿಲ್ಲ. ಅಕ್ಕ ಬಲಗೈ, ತಂಗಿ ಎಡಗೈ. ದಿನವಿಡೀ ಜಗಳ. ಮೊದಲು ಬಂದವು ಆಜ್ಞೆಗಳು: ಹಿಡಿ, ಬಿಡು, ಎಳಿ, ಸಾಕು. ಆಮೇಲೆ ವಸ್ತುಗಳ ಹೆಸರುಗಳು. ಜನರ ಹೆಸರು ಕೊನೆಗೆ. ಕೆಲವು ಬರಲೇ ಇಲ್ಲ. ಮಾತಿನ ಅಭ್ಯಾಸದ ಹುಡುಗಿ ಫೋನಿನಲ್ಲಿ ವಿಷಯ ಕೇಳಿ, ತನ್ನ ಚಿತ್ರದ ಕಾರ್ಡುಗಳಲ್ಲಿ ಬೆಕ್ಕು ತೆಗೆದು ಸ್ಕ್ರೂಡ್ರೈವರ್ ಸೇರಿಸುತ್ತೇನೆ ಎಂದಳಂತೆ.

ಹಳೆಯ ಮಾತಿನ ಬಗ್ಗೆ ಅವರಿಬ್ಬರಲ್ಲಿ ಏನಾದರೂ ನಡೆಯಿತೇ? ನಾನು ಒಮ್ಮೆ ದೊಡ್ಡಮ್ಮನನ್ನೇ ಕೇಳಿದೆ. ಅವಳು ಕಣ್ಣಿನ ಪರೀಕ್ಷೆಗೆಂದು ನಮ್ಮ ಊರಿಗೆ ಬಂದಿದ್ದಳು. "ಕ್ಷಮೆ ಗಿಮೆ ಏನೂ ಕೇಳಿಲ್ಲಮ್ಮ. ಮಾತು ಬಂದ್ಮೇಲೂ ಕೇಳಿಲ್ಲ. ಒಂದಿನ ಅಮ್ಮನ ಮಂಚ ಒರೆಸ್ತಾ ಇದ್ದೆ. ಬಂದು ನನ್ನ ಕೈಯಿಂದ ಬಟ್ಟೆ ಇಸ್ಕೊಂಡು ತಾನೇ ಒರೆಸಿದ್ಲು, ಆ ಸೋತ ಕೈಯಲ್ಲಿ. ಇನ್ನೇನು ಕೇಳೋದು, ಬಿಡು. ಹೊಟ್ಟೆಗೆ ಹಾಕ್ಕೊಂಡೆ."

ಈಗ ಅಂಗಡಿ ಮತ್ತೆ ತೆರೆದಿದೆ. ಸಣ್ಣಪುಟ್ಟ ಕೆಲಸ ಮಾತ್ರ. ಗಿರಾಕಿಗಳ ಹತ್ತಿರ ಮಾತಾಡುವುದು ಮೇಷ್ಟ್ರ ಪಾಲಿಗೆ ಬಂದಿದೆ. ಅವರು ಎಲ್ಲರಿಗೂ ನಯವಾಗಿ ಹೇಳುತ್ತಾರೆ, ಹಿಂದಿನಿಂದ ಚಿಕ್ಕಮ್ಮ "ನೀರು! ನೀರು ಕುಡಿ... ಕುಡಿಸಿದ್ದು!" ಎಂದು ತಿದ್ದುಪಡಿ ಮಾಡುತ್ತಾಳೆ. ಬೇಕರಿಯವನು ಈಗ ತಾನೇ ಯಂತ್ರ ಹೊತ್ತು ತರುತ್ತಾನೆ. ಅವಳು ಪದ ಹುಡುಕುವಾಗ, ಬೈಗುಳವೇ ಆದರೂ, ಕಾದು ನಿಲ್ಲುತ್ತಾನೆ.

ದೊಡ್ಡಮ್ಮನಿಗೆ ಈಚೆಗೆ ಮಂಡಿ ನೋವು, ಬಸ್ಸು ಹತ್ತಲಾಗದು. ಹೋದ ವಾರ ಚಿಕ್ಕಮ್ಮ ಒಬ್ಬಳೇ ಹೋಗುತ್ತೇನೆಂದು ಹಟ ಹಿಡಿದಳು. ಮಗಳು ಬೇಡ ಎಂದಳು, ಮೇಷ್ಟ್ರು ಬೇಡ ಎಂದರು. "ಒಬ್ಳೇ," ಎಂದಳು ಚಿಕ್ಕಮ್ಮ. ಬಸ್ ನಿಲ್ದಾಣದವರೆಗೆ ಬರಲು ನನಗೆ ಮಾತ್ರ ಅನುಮತಿ ಸಿಕ್ಕಿತು. ನಾನು ಅವಳನ್ನು ಹತ್ತಿಸಿ, ತೆರೆದ ಬಾಗಿಲ ಬಳಿ ನಿಂತೆ. ಕಂಡಕ್ಟರು ಬಂದು, "ಎಲ್ಲಿಗೆ?" ಎಂದ. ನಾನೇ ಕೂಗಿ ಹೇಳಿಬಿಡಲೇ ಅನ್ನಿಸಿತು. ಚಿಕ್ಕಮ್ಮ ಕಣ್ಣು ಮುಚ್ಚಿದಳು, ತುಟಿ ಕೂಡಿಸಿದಳು. ಊರಿನ ಹೆಸರಿನ ಮೊದಲ ಅಕ್ಷರ ಬಂತು. ನಿಂತಿತು. ಮತ್ತೆ ಮೊದಲಿನಿಂದ ಹಿಡಿದಳು. ಹಿಂದಿನವರು ಗೊಣಗಿದರು. ಕಂಡಕ್ಟರು ಏನು ತಿಳಿದನೋ, ಆತುರ ಮಾಡದೆ ಕಂಬ ಹಿಡಿದು ನಿಂತ. ಮೂರನೆಯ ಸಲಕ್ಕೆ ಹೆಸರು ಪೂರ್ತಿ ಹೊರಬಂತು, ಸ್ವಲ್ಪ ಸೊಟ್ಟಗೆ. ಟಿಕೆಟು ಹರಿದು ಕೊಟ್ಟ.

ಟಿಕೆಟನ್ನು ಮಡಚಿ ಚೀಲಕ್ಕೆ ಹಾಕಿಕೊಳ್ಳುತ್ತ ಚಿಕ್ಕಮ್ಮ ಹಿಂದಕ್ಕೆ ತಿರುಗಿದಳು. ಕೊನೆಯ ಸೀಟಿನಲ್ಲಿ ಯಾರೋ ಪೇಪರನ್ನು ಮುಖದ ತುಂಬ ಅಡ್ಡ ಹಿಡಿದು ಕೂತಿದ್ದರು. ಪೇಪರಿನ ಕೆಳಗೆ ಕಾಣುತ್ತಿದ್ದ ಚಪ್ಪಲಿ ಮೇಷ್ಟ್ರದು.

"ರೀ," ಎಂದಳು ಚಿಕ್ಕಮ್ಮ. ಪೇಪರು ಅಲ್ಲಾಡಲಿಲ್ಲ. "ಇಳೀರಿ."

ಮೇಷ್ಟ್ರು ಪೇಪರು ಮಡಚಿದರು, ಎದ್ದರು, ಯಾರ ಮುಖವನ್ನೂ ನೋಡದೆ ಇಳಿದು ಬಂದು ನನ್ನ ಪಕ್ಕ ನಿಂತರು. ಬಸ್ಸು ಹೊರಟಿತು.